ಸೀನಿನ ಪ್ರಮಾಣ

ಕೃಷ್ಣಾ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ ಭಾದ್ರಪದವೆಂಬುದು ಎರಡು ಬಗೆಯ ಸೀನುಗಳು ಸಂಧಿಸುವ ಮಾಸ. ಮಳೆಯ ತಂಪಿನಲ್ಲಿ ನೆಗಡಿಯು ಮನೆಯಿಂದ ಮನೆಗೆ ಹಬ್ಬುವ ಕಾಲವೂ ಅದೇ. ರಾಯಚೂರಿನ ಖಾಲಿ ನಿವೇಶನಗಳಲ್ಲಿ, ಮಾನ್ವಿ ದೇವದುರ್ಗಗಳ ರಸ್ತೆಯ ಇಕ್ಕೆಲಗಳಲ್ಲಿ, ಕಾಂಗ್ರೆಸ್ ಗಿಡವು ಸೊಂಟದೆತ್ತರ ಬೆಳೆದು, ಮೈತುಂಬ ಬಿಳಿ ಹೂ ಹೊತ್ತು, ಪರಾಗವನ್ನು ಗಾಳಿಗೆ ಬಿಡುವ ಕಾಲವೂ ಅದೇ. ಆ ಮಾಸದ ಶುಕ್ಲ ನವಮಿಯಂದು ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದ ನಾನು ಎಡೆಬಿಡದೆ ಏಳೆಂಟು ಬಾರಿ ಸೀನಿದೆನು. ಪಕ್ಕದ ಹಿರಿಯರು ಮೊಮ್ಮಗನನ್ನು ಆಚೆಯ ಮಗ್ಗುಲಿಗೆ ಸರಿಸಿಕೊಂಡು, "ನೆಗಡಿ ಆಗ್ಯದೇನ್ರಿ ನಿಮಗ?" ಎಂದರು. ನನಗೆ ಜ್ವರವಿರಲಿಲ್ಲ, ಗಂಟಲು ನೋಯುತ್ತಿರಲಿಲ್ಲ. ಕಣ್ಣೂ ಅಂಗುಳೂ ತುರಿಸುತ್ತಿದ್ದವು, ಮೂಗಿನಿಂದ ತಿಳಿನೀರು ಇಳಿಯುತ್ತಿತ್ತು. ಆದರೂ ಇಲ್ಲವೆಂದು ಹೇಳುವುದಕ್ಕೆ ನನ್ನಲ್ಲಿದ್ದ ಪ್ರಮಾಣವಾದರೂ ಯಾವುದು?

ಧೂಮವನ್ನು ಕಂಡು ವಹ್ನಿಯನ್ನು ಊಹಿಸುವುದು, ಧೂಮವಿದ್ದೆಡೆ ವಹ್ನಿ ತಪ್ಪದೆಂಬ ವ್ಯಾಪ್ತಿಯ ಬಲದಿಂದ. ವಹ್ನಿಯಿಲ್ಲದೆಡೆಯಲ್ಲಿಯೂ ತಲೆದೋರುವ ಗುರುತಾದರೆ ತಾರ್ಕಿಕರು ಅದನ್ನು ಸವ್ಯಭಿಚಾರ ಹೇತುವೆಂದು ತಳ್ಳಿಹಾಕುವರು. ಸೀನು ಅಂತಹ ಹೇತು. ಒಂಟಿಯಾಗಿ ಅದು ಏನನ್ನೂ ಸಾಧಿಸದು. ಜೊತೆಗೂಡಿ ಬಂದ ಲಕ್ಷಣಗಳನ್ನೂ ಕಾಲವನ್ನೂ ಕೂಡಿಸಿ ನೋಡಬೇಕು. ನೆಗಡಿಯು ಬಹುಮಟ್ಟಿಗೆ ಗಂಟಲಿನ ಕೆರೆತದಿಂದ ಮೊದಲಾಗಿ ಏಳರಿಂದ ಹತ್ತು ದಿನಗಳಲ್ಲಿ ಹಿಂಜರಿಯುವುದು. ಇನ್‌ಫ್ಲುಯೆಂಜವು ಒಮ್ಮಿಂದೊಮ್ಮೆಗೆ ಜ್ವರ ಮೈಕೈನೋವುಗಳೊಡನೆ ಕೆಡಹುವುದು. ಪರಾಗದ ಬಾಧೆಯಾದರೋ ಹೂವಿರುವಷ್ಟು ವಾರ ಇದ್ದು, ಮರುವರ್ಷ ಅದೇ ಋತುವಿನಲ್ಲಿ ಮರಳಿ ಬರುವುದು. (ಸಿಂಬಳ ಹಳದಿಯಾದ ಮಾತ್ರಕ್ಕೆ ಅಂಗಡಿಗೆ ಹೋಗಿ ಆಂಟಿಬಯಾಟಿಕ್ ಕೊಳ್ಳುವವರು ನಮ್ಮಲ್ಲಿ ಬಹಳ, ಸಾಧಾರಣ ನೆಗಡಿಯಲ್ಲಿಯೂ ಅದು ಹಳದಿಯಾಗುತ್ತದೆ.) ಪ್ರತಿಶ್ಯಾಯದ, ಎಂದರೆ ನೆಗಡಿಯ, ಕಾರಣಗಳಲ್ಲಿ ಧೂಳನ್ನೂ ಋತುವೈಷಮ್ಯವನ್ನೂ ಹೆಸರಿಸಿದ ನಮ್ಮ ಆಯುರ್ವೇದವು ರೋಗವನ್ನು ಅರಿಯುವ ಐದು ಉಪಾಯಗಳಲ್ಲಿ ಉಪಶಯವನ್ನೂ ಎಣಿಸಿತು, ಅದೆಂದರೆ ಯಾವುದರಿಂದ ಹಿತವಾಗುವುದೋ ಅದರಿಂದ ಗುಪ್ತವಾದ ಕಾರಣವನ್ನು ಅರಿಯುವುದು. ಮಾನ್ವಿಯ ಅಕ್ಕಿಗಿರಣಿಯಲ್ಲಿ ಭತ್ತದ ಧೂಳಿನ ನಡುವೆ ದಿನವಿಡೀ ಸೀನುವವನು ನಾಲ್ಕು ದಿನ ಬೇರೆ ಊರಿಗೆ ಹೋದಾಗ ಮೂಗು ತಾನಾಗಿ ಹಗುರಾಗಿ, ಬಂದೊಡನೆ ಮತ್ತೆ ಕಟ್ಟಿದರೆ, ಅವನಿಗೆ ಬೇರೆ ಸಾಕ್ಷ್ಯವೇತಕ್ಕೆ?

ಇಲ್ಲಿಂದ ಮುಂದಿನದು ನನಗೆ ಹೆಚ್ಚು ಕುತೂಹಲದ ವಿಷಯ. ನೆಗಡಿಯಲ್ಲಿ ದೇಹವು ಹೋರಾಡುವುದು ನಿಜವಾದ ವೈರಿಯೊಡನೆ, ವೈರಸ್ಸಿನೊಡನೆ. 1906ರಲ್ಲಿ ವಿಯೆನ್ನಾದ ವೈದ್ಯ ಪಿರ್ಕೆ ಅಲರ್ಜಿಯೆಂಬ ಹೆಸರಿಟ್ಟುದರಲ್ಲಿಯಾದರೋ ದೇಹವು ನಿರುಪದ್ರವಿಯಾದ ಪರಾಗವನ್ನೇ ವೈರಿಯೆಂದು ಬಗೆದು, ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸಿ, ತನ್ನ ಕಣ್ಣು ಮೂಗುಗಳನ್ನೇ ಉರಿಸಿಕೊಳ್ಳುವುದು. ಇದು ಭ್ರಾಂತಿಯೇ ಸರಿ. ಆದರೆ ಹಗ್ಗವನ್ನು ಹಾವೆಂದು ಬಗೆದು, ದೀಪ ತಂದೊಡನೆ ಅಡಗುವ ರಜ್ಜುಸರ್ಪದ ಭ್ರಾಂತಿಯಲ್ಲ. ಕಾಮಾಲೆಯವನು ಶಂಖ ಬಿಳಿದೆಂದು ಬಲ್ಲವನಾದರೂ ಅವನ ಕಣ್ಣಿಗೆ ಅದು ಹಳದಿಯಾಗಿಯೇ ತೋರುವುದೆಂದು ಶಾಸ್ತ್ರಕಾರರು ಹೇಳುವರಲ್ಲವೆ, ಅದರ ಜಾತಿಗೆ ಸೇರಿದುದು. ಪರಾಗ ನಿರುಪದ್ರವಿಯೆಂದು ನಾನು ಬಲ್ಲೆ. ನನ್ನ ಮೂಗು ಅರಿಯದು. ಜ್ಞಾನವು ಎಲ್ಲ ದೋಷವನ್ನೂ ಕಳೆಯುವುದೆಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಮೂಗು ನೆನಪಾಗುತ್ತದೆ. ನಮ್ಮ ಜನ ಮಾತ್ರ "ಧೂಳು ನನಗ ಆಗಿಬರೂದಿಲ್ಲ" ಎಂದುಬಿಡುತ್ತಾರೆ. ಆ ಮಾತಿನಲ್ಲಿ ಧೂಳಿನ ಮೇಲೆ ದೂರಿಲ್ಲ, ದೇಹದ ಮೇಲೆಯೂ ಇಲ್ಲ. ಎರಡಕ್ಕೂ ಹೊಂದಿಕೆಯಿಲ್ಲವೆಂಬಷ್ಟೇ ಅರ್ಥ. ಪಿರ್ಕೆಯ ಪದಕ್ಕಿಂತ ಇದು ಕಡಮೆಯದೆಂದು ನನಗೆ ತೋರದು.

ಹೀಗೆ ದೂರಿಲ್ಲದೆ ಬಿಡಲೊಲ್ಲದೆ ರೋಗವನ್ನು ಪಾಪದ ಗುರುತಾಗಿ ಓದುವವರು ಮಾನ್ವಿಯ ಕಥೆಯನ್ನೇ ಎತ್ತಿ ಹೇಳುವುದುಂಟು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು, ಇನ್ನೂ ಶ್ರೀನಿವಾಸಾಚಾರ್ಯರಾಗಿ ಪಾಂಡಿತ್ಯಗರ್ವದಲ್ಲಿದ್ದಾಗ, ವಿಜಯದಾಸರ ಭೋಜನದ ಕರೆಯನ್ನು ಹೊಟ್ಟೆನೋವೆಂಬ ಸುಳ್ಳು ನೆಪದಿಂದ ನಿರಾಕರಿಸಲು ನೋವು ನಿಜವಾಗಿಯೇ ಬಂದಿತೆಂದೂ, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನಿತ್ತು ಉಳಿಸಿದರೆಂದೂ ಪರಂಪರೆ ಹೇಳುತ್ತದೆ. ಆದರೆ ಮೊದಲ ನೋವು ಸುಳ್ಳೆಂದು ಬಲ್ಲವರು ಯಾರು? ಆಚಾರ್ಯರೊಬ್ಬರೇ. ಕಂಡವರಿಗೆ ಸುಳ್ಳು ನೋವೂ ನಿಜವಾದ ನೋವೂ ಒಂದೇ ತೆರನಾಗಿ ತೋರಿದ್ದಿರಬೇಕು. ತನ್ನ ವ್ಯಾಧಿಯಲ್ಲಿ ತನ್ನ ಅಪರಾಧವನ್ನು ಕಾಣುವ ಅಧಿಕಾರ ರೋಗಿಗೆ ಇದ್ದೀತು. ನೆರೆಯವನಿಗೆ ಆ ಅಧಿಕಾರವನ್ನು ಈ ಕಥೆ ಕೊಡುವುದಿಲ್ಲ. ನೆರೆಯವನಿಗೆ ಉಳಿದುದು, ಗೋಪಾಲದಾಸರಂತೆ, ನೆರವಾಗುವುದು.

ಆ ಹಿರಿಯರು ಮೊಮ್ಮಗನನ್ನು ಸರಿಸಿದುದರಲ್ಲಿ ತಪ್ಪಿರಲಿಲ್ಲ. ಜ್ವರವಿಲ್ಲದ ನೆಗಡಿಯೂ ಅಂಟುವುದೇ. ಆದುದರಿಂದ ಮುಂದಿನ ಆರಾಧನೆಗೆ ಬರುವವರಲ್ಲಿ ನನ್ನದೊಂದು ಬಿನ್ನಹ. ಸೀನುವವನನ್ನು ಕಂಡಾಗ ಕಣ್ಣು ತುರಿಸುತ್ತಿದೆಯೇ, ಮೈ ಬೆಚ್ಚಗಿದೆಯೇ, ಹೋದ ಭಾದ್ರಪದದಲ್ಲಿಯೂ ಹೀಗಾಗಿತ್ತೇ ಎಂದು ಕೇಳಿರಿ. ಮೈ ಬೆಚ್ಚಗಿದ್ದರೆ, ಇಲ್ಲವೆ ಕಣ್ಣು ತುರಿಸದೆ ಈ ಸಲವಷ್ಟೇ ಹೀಗಾಗಿದ್ದರೆ, ಅವನು ಮನೆಯಲ್ಲಿಯೇ ಉಣ್ಣಲಿ. ಉಸಿರಿಗೆ ಎದೆ ಸುಯ್‌ಗುಟ್ಟುತ್ತಿದ್ದರೆ, ಎಲೆಯ ಮುಂದೆ ಕುಳಿತುಕೊಳ್ಳುವುದಕ್ಕಿಂತ ಮೊದಲು ವೈದ್ಯರನ್ನು ಕಾಣಲಿ.