ಮರ್ಯಾದೆಯು ದಾನವೋ, ಸಾಲವೋ?



ನಮ್ಮ ಸೀಮೆಯ ಮಾತಿನಲ್ಲಿ "ರೀ" ಎಂಬ ಒಂದು ಚಿಕ್ಕ ಅಕ್ಷರವುಂಟು. "ಬರ್ರೀ", "ಕೂಡ್ರಿ", "ಹೌದ್ರೀ" ಎಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪೇಟೆಗಳಲ್ಲಿ ದಿನವೆಲ್ಲಾ ಕೇಳುತ್ತೇವೆ. ಅದನ್ನು ಕೂಡಿಸುವದಕ್ಕೆ ದುಡ್ಡು ಬೇಕಾಗಿಲ್ಲ, ಹೊತ್ತೂ ಹಿಡಿಯುವದಿಲ್ಲ. ಆದರೂ ಅದೇ ಬಾಯಿ ಅಂಗಡಿಗೆ ಬಂದ ಸಾಹುಕಾರನಿಗೆ "ಬರ್ರೀ" ಎಂದು ಹೇಳಿ, ಅವನ ಹಿಂದೆ ಗಂಟು ಹೊತ್ತು ಬಂದ ಹಮಾಲನಿಗೆ "ಬಾರಲೇ" ಎನ್ನುವದು. ಹಮಾಲನಿಗೆ ಅರುವತ್ತು ವರುಷವಾಗಿರಬಹುದು, ಕರೆದವನಿಗೆ ಇಪ್ಪತ್ತು. ಈ ಅಕ್ಷರವನ್ನು ಯಾರಿಗೆ ಕೊಡತಕ್ಕದ್ದು, ಯಾರಿಗೆ ಬಿಡತಕ್ಕದ್ದು ಎಂಬ ಲೆಕ್ಕವನ್ನು ನಾವು ಎಲ್ಲಿಂದ ಕಲಿತೆವು? ಮರ್ಯಾದೆಯು ದೊಡ್ಡವರು ಮನಸ್ಸು ಬಂದಾಗ ಸಣ್ಣವರಿಗೆ ಕೊಡುವ ದಾನವೋ, ಅಥವಾ ಪ್ರತಿಯೊಬ್ಬನು ಪ್ರತಿಯೊಬ್ಬನಿಗೆ ತೀರಿಸಬೇಕಾದ ಸಾಲವೋ? ಇದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇರುವ ಕೂಡಲಸಂಗಮದ ದೆಸೆಯಿಂದ ಬಸವಣ್ಣನವರ ಕಥೆಗಳು ಇಲ್ಲಿಯ ಮಕ್ಕಳಿಗೂ ಗೊತ್ತು. ಅವುಗಳಲ್ಲಿ ಒಂದು ಹರಳಯ್ಯನದು. ಕಲ್ಯಾಣದಲ್ಲಿ ಕೆರ ಹೊಲಿಯುತ್ತಿದ್ದ ಹರಳಯ್ಯನು ದಾರಿಯಲ್ಲಿ ಬಸವಣ್ಣನವರನ್ನು ಕಂಡು "ಶರಣು" ಎಂದನಂತೆ. ಬಿಜ್ಜಳನ ಮಂತ್ರಿಯಾಗಿದ್ದ ಅವರು "ಶರಣು ಶರಣಾರ್ಥಿ" ಎಂದು ಎರಡು ಪಾಲಾಗಿ ಹಿಂದಿರುಗಿಸಿದರಂತೆ. ಹರಳಯ್ಯನು ಸಂತೋಷಪಡುವದಕ್ಕೆ ಬದಲಾಗಿ ನಡುಗಿದನು. ಇಷ್ಟು ದೊಡ್ಡ ಭಾರವನ್ನು ಹೇಗೆ ಇಳಿಸಲಿ ಎಂದು, ತಾನೂ ಹೆಂಡತಿಯಾದ ಕಲ್ಯಾಣಮ್ಮಳೂ ತಮ್ಮ ತೊಡೆಯ ಚರ್ಮವನ್ನು ತೆಗೆದು ಅದರಿಂದ ಪಾದರಕ್ಷೆ ಮಾಡಿ ಒಪ್ಪಿಸಿದರೆಂದು ಹೇಳುತ್ತಾರೆ. ಬಸವಣ್ಣನವರು ಅವುಗಳನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರೆಂದೂ ಹೇಳುತ್ತಾರೆ.

ಕೇಳುವವರು ಇದರಲ್ಲಿ ಭಕ್ತಿಯ ದೊಡ್ಡತನವನ್ನು ಕಾಣುತ್ತಾರೆ, ಅದು ನಿಜವೇ. ಆದರೆ ನಾವು ಇನ್ನೊಂದನ್ನು ಕೇಳುತ್ತೇವೆ. ಒಂದು ನಮಸ್ಕಾರಕ್ಕಾಗಿ ಒಬ್ಬ ಮನುಷ್ಯನು ತನ್ನ ಮೈಯ ಚರ್ಮವನ್ನು ಕೊಡಬೇಕೆಂದು ಎಣಿಸಿದನಾದರೆ, ಅದಕ್ಕೆ ಮುಂಚೆ ಅವನಿಗೆ ಎಷ್ಟು ವರುಷಗಳ ವರೆಗೆ ಯಾರೂ ನಮಸ್ಕಾರವನ್ನು ಹಿಂದಿರುಗಿಸದೆ ಇದ್ದಿರಬೇಕು! ಸಾಲಗಾರರಾಗಿದ್ದವರು ಬೀದಿಯವರೆಲ್ಲರು, ಆದರೆ ಸಾಲಗಾರನೆಂದು ನಡುಗಿದವನು ಹರಳಯ್ಯನು. ಲೆಕ್ಕದ ಪುಸ್ತಕವೇ ತಲೆಕೆಳಗಾಗಿತ್ತು.

ಸತ್ಯವೇದವು ಆ ಪುಸ್ತಕವನ್ನು ನೆಟ್ಟಗೆ ಇಡುತ್ತದೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಕಂದಾಯ ಸುಂಕಗಳನ್ನು ಹೇಳಿದ ಸಾಲಿನಲ್ಲಿಯೇ ಮರ್ಯಾದೆಯನ್ನೂ ಸಲ್ಲತಕ್ಕ ಬಾಕಿಯೆಂದು ಎಣಿಸುತ್ತಾನೆ. ಅದು ಅಧಿಕಾರಿಗಳ ವಿಷಯವಲ್ಲವೇ ಎಂದು ಕೆಲವರು ಹೇಳಾರು. ಹಾಗಾದರೆ ಪೇತ್ರನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯವನ್ನು ತೆರೆಯಲಿ. ಅಲ್ಲಿ ಅರಸನಿಗೆ ಸಲ್ಲಿಸಬೇಕಾದದ್ದಕ್ಕೂ ಎಲ್ಲಾ ಮನುಷ್ಯರಿಗೆ ಸಲ್ಲಿಸಬೇಕಾದದ್ದಕ್ಕೂ ಗ್ರೀಕ್ ಮೂಲದಲ್ಲಿ ಒಂದೇ ಕ್ರಿಯಾಪದವಿದೆ. ಅರಸನಿಗೆ ಒಂದು ತೂಕ, ಕೂಲಿಯವನಿಗೆ ಒಂದು ತೂಕ ಎಂದು ಪೇತ್ರನು ಬರೆಯಲಿಲ್ಲ. ಯಾಕಂದರೆ ಈ ಸಾಲವು ಮನುಷ್ಯನ ಯೋಗ್ಯತೆಯಿಂದ ಹುಟ್ಟಿದ್ದಲ್ಲ; ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ್ದರಿಂದ ಹುಟ್ಟಿದ್ದು. ಮುಧೋಳದವನಾದ ರನ್ನನು ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಈಗ ಅವನ ಹೆಸರನ್ನು ಹೇಳಿ ನಾವೆಲ್ಲರೂ ಹಿಗ್ಗುತ್ತೇವೆ. ಅವನು ಕವಿಯಾಗದೆ ಬಳೆಯ ಮಲಾರವನ್ನು ಹೊತ್ತುಕೊಂಡೇ ಸತ್ತಿದ್ದರೂ ಆ ಸಾಲವು ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ.

ಇದು ಕೆಲಸದ ಸ್ಥಳದಲ್ಲಿ ಹೇಗೆ ನಡೆಯುವದೆಂದು ನೋಡುವದಕ್ಕೆ ರಬಕವಿ-ಬನಹಟ್ಟಿಯ ಮಗ್ಗಗಳ ಬಳಿಗೆ ಹೋಗೋಣ. ಒಂದು ಸೀರೆಯು ಒಬ್ಬನ ಕೈಯಿಂದ ಆಗುವದಿಲ್ಲ. ನೂಲಿಗೆ ಬಣ್ಣ ಹಾಕುವವರು ಬೇರೆ, ಹಾಸು ಹೂಡುವವರು ಬೇರೆ, ಹಳೇ ಹಾಸಿನ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವವರು ಬೇರೆ. ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುವ ಮುದುಕಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಆದರೆ ಅವಳು ಸಡಿಲವಾಗಿ ಸುತ್ತಿದರೆ ಲಾಳಿಯೊಳಗೆ ನೂಲು ಹರಿದು, ಕೈಮಗ್ಗವಾಗಲಿ ವಿದ್ಯುತ್ತಿನ ಮಗ್ಗವಾಗಲಿ ನಿಂತುಹೋಗುವದು. ಈಗ ಬಟ್ಟೆ ಒಪ್ಪಿಸುವ ದಿನ ಮಾಲಕನು ಒಂದು ದೋಷವನ್ನು ಕಂಡನೆನ್ನೋಣ. ದೋಷವನ್ನು ತೋರಿಸುವದು ಅವನ ಹಕ್ಕು. ಆದರೆ ನೇಕಾರನ ತಂದೆಯನ್ನೂ ಜಾತಿಯನ್ನೂ ಎಳೆದು ತರುವದು ಯಾವ ಕರಾರಿನಲ್ಲಿದೆ? ಬೈಸಿಕೊಂಡ ನೇಕಾರನು ಮನೆಗೆ ಬಂದು ಅದೇ ಮಾತನ್ನು ಕಂಡಿಕೆಯ ಮುದುಕಿಯ ಮೇಲೆ ಬಿಡುತ್ತಾನೆ. ಅವಳು ಮೊಮ್ಮಗಳ ಮೇಲೆ ಬಿಡುತ್ತಾಳೆ. ಮೇಲಿನವನು ಕೊಡದೆ ಉಳಿಸಿಕೊಂಡ ಬಾಕಿಯು ಹೀಗೆ ಕೆಳಗಿನವರ ಲೆಕ್ಕದಲ್ಲಿ ಬೀಳುತ್ತದೆ.

"ಮನಸ್ಸಿನಲ್ಲಿ ಇಲ್ಲದ ಗೌರವವನ್ನು ನಾಲಿಗೆಯಿಂದ ತೋರಿಸುವದು ಕಪಟವಲ್ಲವೇ? ಕುಡುಕನಿಗೂ ಮೋಸಗಾರನಿಗೂ 'ರೀ' ಅನ್ನಬೇಕೋ?" ಎಂದು ಕೇಳುವವರಿದ್ದಾರೆ. ದಾನವಾಗಿದ್ದರೆ ಈ ಮಾತು ಸರಿ. ಮನಸ್ಸಿಲ್ಲದ ದಾನವು ಕಪಟವೇ. ಆದರೆ ಸಾಲವನ್ನು ತೀರಿಸುವವನು ಸಾಲ ಕೊಟ್ಟವನನ್ನು ಪ್ರೀತಿಸುವ ತನಕ ಕಾಯುತ್ತಾನೋ? ಅವನು ಕೆಟ್ಟವನೆಂದು ಬಾಕಿಯನ್ನು ನುಂಗಬಹುದೋ? ಕುಡುಕನನ್ನು ಗದರಿಸಬೇಕು, ಮೋಸಗಾರನನ್ನು ನ್ಯಾಯಕ್ಕೆ ಎಳೆಯಬೇಕು. ಅದನ್ನು ಅವನ ಹೆಸರು ಹಿಡಿದು, ಅವನ ಮುಖ ನೋಡಿ ಮಾಡಬಹುದು.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ಹೆತ್ತ ತಾಯಿಗೆ ನಾವು "ನೀನು" ಎನ್ನುತ್ತೇವೆ. ಪ್ರಾರ್ಥನೆಯಲ್ಲಿ ಪರಲೋಕದ ತಂದೆಗೂ "ನೀನು" ಎನ್ನುತ್ತೇವೆ. ಹಾಗಾದರೆ ಏಕವಚನವೇ ಅಪಮಾನವೆಂದು ಹೇಳಲಾಗದು. ಹೊಲದಲ್ಲಿ ಜೊತೆಗೆ ಕಳೆ ತೆಗೆಯುವ ಗೆಳತಿಯರು "ಬಾರೇ, ಹೋಗೇ" ಎಂದರೆ ಯಾರಿಗೂ ನೋವಿಲ್ಲ, ಯಾಕಂದರೆ ಅದು ಹೋದ ದಾರಿಯಲ್ಲಿಯೇ ಹಿಂದಕ್ಕೂ ಬರುತ್ತದೆ. ಒಬ್ಬನು "ಲೇ" ಅನ್ನಬಹುದು, ಮತ್ತೊಬ್ಬನು ಅದನ್ನು ಹಿಂದಿರುಗಿಸಿದರೆ ಏಟು ಬೀಳುವದು, ಎಂಬಲ್ಲಿಯೇ ಕೇಡಿದೆ. 1950ನೆಯ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು; 1955ರ ಕಾಯ್ದೆಯು ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. ಚಹದ ಅಂಗಡಿಯ ಬಾಗಿಲನ್ನು ಕಾಯ್ದೆಯು ತೆರೆಸಿತು. "ಬರ್ರೀ" ಎಂದು ಒಳಗಿನಿಂದ ಕರೆಯುವ ಕೆಲಸವು ಉಳಿದದೆ.

ಹೊರಗಿನವರ ಮಾತು ಸಾಕು. ಮರ್ಯಾದೆಯಿಲ್ಲದ ಮಾತಿನ ಗಾಯವೇನೆಂಬದು ನಮ್ಮ ಸಭೆಗಳಲ್ಲಿ ಅನೇಕ ಕುಟುಂಬಗಳಿಗೆ ಅಜ್ಜಮುತ್ತಜ್ಜಂದಿರ ಕಾಲದಿಂದ ಗೊತ್ತು. ಅಂಥವರಲ್ಲಿಯೂ ಹೊಸದಾಗಿ ಬಂದವನನ್ನು "ನೀವು ಯಾವ ಪೈಕಿ?" ಎಂದು ಕೇಳಿ, ಉತ್ತರವನ್ನು ನೋಡಿ ಚಾಪೆಯನ್ನು ಹಾಸುವವರುಂಟು. ಬಂಗಾರದ ಉಂಗುರದವನಿಗೆ ಒಳ್ಳೆಯ ಸ್ಥಳವನ್ನೂ ಮಾಸಿದ ಬಟ್ಟೆಯವನಿಗೆ ಕಾಲ ಬಳಿಯ ನೆಲವನ್ನೂ ತೋರಿಸಿದ ಸಭೆಯನ್ನು ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಖಂಡಿಸಿದ್ದಾನೆ. ಅವನು ಅದನ್ನು ಅನ್ಯರಿಗೆ ಬರೆಯಲಿಲ್ಲ, ವಿಶ್ವಾಸಿಗಳಿಗೇ ಬರೆದನು. ಗುಡಿಸುವ ಅಕ್ಕನನ್ನು ಹೆಸರಿನಿಂದ ಕರೆಯದೆ ಚಿಟಿಕೆ ಹೊಡೆದು ಕರೆಯುವ ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆಯು ಎಷ್ಟು ಉದ್ದವಾಗಿದ್ದರೂ ಮಕ್ಕಳು ಕಲಿಯುವದು ಚಿಟಿಕೆಯನ್ನೇ.

ದೀಪಾವಳಿ ಕಳೆಯುತ್ತಲೇ ಮುಧೋಳ ಜಮಖಂಡಿಗಳ ಕಬ್ಬಿನ ಹೊಲಗಳಿಗೆ ಕಡಿಯುವವರು ಬರುತ್ತಾರೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ಗಂಡಹೆಂಡಂದಿರು ಕೈಗೂಸುಗಳೊಂದಿಗೆ ಬಂದು ಹೊಲದ ಬದಿಯ ಗುಡಿಸಲುಗಳಲ್ಲಿ ಇಳಿಯುವದುಂಟು. ಅವರಿಗೆ ನಮ್ಮಲ್ಲಿ ಹೆಸರಿಲ್ಲ, ಎಲ್ಲರೂ "ಗ್ಯಾಂಗಿನವರು". ರೂತಳ ಪುಸ್ತಕದಲ್ಲಿ ಹೊಲದ ಯಜಮಾನನಾದ ಬೋವಜನು ಬೇತ್ಲೆಹೇಮಿನಿಂದ ಬಂದ ಕೂಡಲೇ ಕೊಯ್ಯುವವರಿಗೆ ತಾನೇ ಮೊದಲು ಆಶೀರ್ವಾದದ ಮಾತು ಹೇಳಿದನು. ಪರದೇಶದವಳಾದ ರೂತಳನ್ನು ಅವಮಾನಪಡಿಸಬಾರದೆಂದು ಆಳುಗಳಿಗೆ ಅಪ್ಪಣೆಕೊಟ್ಟನು. ನಮ್ಮವರಲ್ಲಿ ಎಕರೆ ಎರಡೆಕರೆ ಕಬ್ಬು ಇರುವವರು ಇದನ್ನು ಈ ಸುಗ್ಗಿಯಲ್ಲಿಯೇ ಮಾಡಿ ನೋಡಬಹುದು. ಭಾಷೆ ಬಾರದೆಂಬ ನೆವವು ನಿಲ್ಲಲಾರದು, ಗಡಿಯು ಸಮೀಪವಿರುವದರಿಂದ ಮರಾಠಿ ಬಲ್ಲವರು ಊರೂರಲ್ಲಿ ಇದ್ದಾರೆ. ಆ ಭಾಷೆಯಲ್ಲಿ "ಯೇ, ಬಸ್" ಎಂಬದೂ ಉಂಟು, "ಯಾ, ಬಸಾ" ಎಂಬದೂ ಉಂಟು. ಎರಡನೆಯದನ್ನು ಅವರಿಂದ ಕೇಳಿ ಕಲಿತುಕೊಳ್ಳಿರಿ. ಕಬ್ಬು ಕಡಿಯುವವರು ಬರುವದಕ್ಕೆ ಇನ್ನೂ ದಿನಗಳಿವೆ.