ಒಂಟಿ ದನಿಗೆ ಬೆಲೆಯುಂಟೆ?

ಸಭೆಯೆಲ್ಲ ಒಂದು ಕಡೆಗೆ ವಾಲಿರುವಾಗ, ಸೋಲು ಖಚಿತವೆಂದು ತಿಳಿದೂ ‘ನಾನು ಇದನ್ನು ಒಪ್ಪಲಾರೆ’ ಎನ್ನುವುದರಿಂದ ಪ್ರಯೋಜನವೇನು? ಪ್ರಿಯ ವಾಚಕರೇ, ಈ ಪ್ರಶ್ನೆ ಒಂದಲ್ಲ ಒಂದು ದಿನ ನಮ್ಮೆಲ್ಲರ ಎದುರಿಗೂ ಬಂದು ನಿಲ್ಲುತ್ತದೆ. ಇದಕ್ಕೆ ಉತ್ತರ ಅರಸುವಾಗ, ನೆರೆಯ ಪಾಕಿಸ್ತಾನದ ಕ್ರೈಸ್ತ ನ್ಯಾಯಮೂರ್ತಿಯೊಬ್ಬರ ಬದುಕು ನಮ್ಮ ಗಮನಕ್ಕೆ ಯೋಗ್ಯವಾಗಿದೆ.

ಆಲ್ವಿನ್ ರಾಬರ್ಟ್ ಕಾರ್ನೇಲಿಯಸ್ 1903ರಲ್ಲಿ ಆಗ್ರಾದಲ್ಲಿ ಜನಿಸಿದರು. 1926ರಲ್ಲಿ ಐ.ಸಿ.ಎಸ್. ಸೇವೆಗೆ ಸೇರಿದರು. ದೇಶ ವಿಭಜನೆಯಾದಾಗ ಲಾಹೋರಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಅವರು ಪಾಕಿಸ್ತಾನದಲ್ಲಿಯೇ ಉಳಿದರು.

1954ರ ಅಕ್ಟೋಬರ್‌ನಲ್ಲಿ ಗವರ್ನರ್-ಜನರಲ್ ಗುಲಾಂ ಮೊಹಮ್ಮದ್ ಆ ದೇಶದ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಸಭೆಯ ಅಧ್ಯಕ್ಷರಾಗಿದ್ದ ಮೌಲ್ವಿ ತಮೀಜುದ್ದೀನ್ ಖಾನ್ ನ್ಯಾಯಾಲಯದ ಮೊರೆಹೊಕ್ಕರು. 1955ರಲ್ಲಿ ಫೆಡರಲ್ ನ್ಯಾಯಾಲಯದ ಐವರ ಪೈಕಿ ನಾಲ್ವರು ಸರ್ಕಾರದ ಪರವಾಗಿ ತೀರ್ಪಿತ್ತರು. ಖಾನರು ಆಶ್ರಯಿಸಿದ್ದ ಕಾನೂನಿಗೆ ಗವರ್ನರ್-ಜನರಲ್‌ರ ಅಂಕಿತವಿಲ್ಲ, ಆದುದರಿಂದ ಅವರ ಅರ್ಜಿಯೇ ನಿಲ್ಲದು ಎಂಬುದು ಬಹುಮತದ ವಾದ. ಸಂವಿಧಾನ ರಚಿಸುವ ಸಭೆಗೆ ಅಂಥ ಅಂಕಿತದ ಹಂಗಿಲ್ಲವೆಂದು ಬರೆದವರು ಕಾರ್ನೇಲಿಯಸ್ ಒಬ್ಬರೇ. ಅವರ ಮಾತಿನಿಂದ ತೀರ್ಪು ಬದಲಾಗಲಿಲ್ಲ. 1958ರಲ್ಲಿ ದೇಶ ಸೇನಾಡಳಿತಕ್ಕೆ ಒಳಗಾಯಿತು.

1960ರಿಂದ 1968ರವರೆಗೆ ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದರು. 1964ರಲ್ಲಿ ಸರ್ಕಾರ ಜಮಾತೆ-ಇಸ್ಲಾಮಿ ಪಕ್ಷವನ್ನು ನಿಷೇಧಿಸಿತು. ಇಸ್ಲಾಮೀ ರಾಜ್ಯವನ್ನು ಬಯಸುವ ಪಕ್ಷವದು. ಆದರೂ, ತನ್ನ ಮಾತನ್ನು ಹೇಳಿಕೊಳ್ಳಲು ಅದಕ್ಕೆ ಅವಕಾಶ ನೀಡಿರಲಿಲ್ಲವೆಂಬುದನ್ನು ಎತ್ತಿಹಿಡಿದು, ಕಾರ್ನೇಲಿಯಸ್‌ರ ನೇತೃತ್ವದ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಒಬ್ಬನ ಮಾತನ್ನು ಕೇಳದೆ ಅವನನ್ನು ಅಪರಾಧಿಯೆನ್ನಬಹುದೇ ಎಂದು ಫರಿಸಾಯರ ನಡುವೆ ಪ್ರಶ್ನಿಸಿದ ನಿಕೊದೇಮನ ನೆನಪು ನಮಗಿಲ್ಲಿ ಬಾರದಿರದು. ನ್ಯಾಯವು ನಮ್ಮವರಿಗೆ ಮಾತ್ರ ಮೀಸಲಾದರೆ ಅದು ಬರಿಯ ಪಕ್ಷಪಾತವಾಗುತ್ತದೆ.

ಹಾಗೆಂದು ಅವರನ್ನು ಪೀಠಕ್ಕೇರಿಸಿ ಪೂಜಿಸಬೇಕಾಗಿಲ್ಲ. ನಿವೃತ್ತಿಯ ಬಳಿಕ, 1969ರಲ್ಲಿ, ಅವರು ಸೇನಾಧಿಪತಿ ಯಾಹ್ಯಾ ಖಾನ್‌ರ ಸರ್ಕಾರದಲ್ಲಿ ಕಾನೂನು ಸಚಿವರಾದರು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ರಕ್ತಪಾತ ನಡೆಸಿದ್ದು ಆ ಆಡಳಿತವೇ. ಅದು ಅಧಿಕಾರದ ಅಕ್ರಮ ಅಪಹರಣವೆಂದು 1972ರಲ್ಲಿ ಅದೇ ಸುಪ್ರೀಂ ಕೋರ್ಟು ಸಾರಿತು. ನಿನ್ನೆಯ ಧೈರ್ಯವು ಇಂದಿನ ಆತ್ಮಶೋಧನೆಯಿಂದ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಕಾರ್ನೇಲಿಯಸ್ 1991ರಲ್ಲಿ ಲಾಹೋರಿನಲ್ಲಿ ನಿಧನರಾದರು. ಬಹುಮತದ ಆ ತೀರ್ಪಿನೊಂದಿಗೆ ಅವರ ಭಿನ್ನಮತವನ್ನೂ ಕಾನೂನು ಬಲ್ಲವರು ಇಂದಿಗೂ ಓದುತ್ತಾರೆ.

ಯೇಸುಸ್ವಾಮಿಯನ್ನು ಖಂಡಿಸಿದ ನ್ಯಾಯಸಭೆಯಲ್ಲಿ ಅರಿಮತ್ತಾಯದ ಜೋಸೆಫನೂ ಸದಸ್ಯನಾಗಿದ್ದ. ಅವನ ಅಸಮ್ಮತಿ ಶಿಲುಬೆಯನ್ನು ತಡೆಯಲಿಲ್ಲ. ಆದರೂ ಅವನು ಆ ನಿರ್ಣಯಕ್ಕೆ ಸಮ್ಮತಿಸಿರಲಿಲ್ಲವೆಂಬುದನ್ನು ಸಂತ ಲೂಕರು ಮರೆಯದೆ ದಾಖಲಿಸಿದ್ದಾರೆ.

ಮನೆಯ ಆಸ್ತಿ ಹಂಚುವಾಗ ವಿಧವೆ ಸೊಸೆಯ ಪಾಲನ್ನು ಎಲ್ಲರೂ ಮರೆತಿರಬಹುದು. ಧರ್ಮಕೇಂದ್ರದ ಸಭೆಯಲ್ಲಿ, ಅಲ್ಲಿಲ್ಲದವನ ಮೇಲೆ ದೂರು ಬಂದೊಡನೆ ಎಲ್ಲರೂ ತಲೆಯಾಡಿಸಬಹುದು. ಆಗ ನಾವು ಆಡುವ ಒಂದು ಮಾತಿನಿಂದ ನಿರ್ಣಯ ಬದಲಾಗದೆಯೂ ಇರಬಹುದು. ಆದರೆ ಅನ್ಯಾಯಕ್ಕೊಳಗಾದವರಿಗೆ, ತಮ್ಮ ಪರವಾಗಿ ಒಬ್ಬರಾದರೂ ಇದ್ದರೆಂಬ ಸಮಾಧಾನ ಉಳಿಯುತ್ತದೆ. ಮುಂದಿನ ಸಭೆಗೆ ಹೋಗುವಾಗ ಇದನ್ನು ನೆನೆಯೋಣ.