ಕಾಲು ಎಣಿಸುವ ತಾಳ್ಮೆ

ಮಳೆಗಾಲದಲ್ಲಿ ಬಚ್ಚಲ ಗೋಡೆಯ ಮೇಲೆ ಹಲವು ಕಾಲಿನ ಜೀವಿಯೊಂದು ಹರಿದರೆ ನಾವು ಯಾವುದೆಂದು ನೋಡುವುದಿಲ್ಲ, ಪೊರಕೆ ಹುಡುಕುತ್ತೇವೆ. ನಮಗೆ ಎಲ್ಲವೂ 'ಹುಳ'. ಗುರುತು ತಿಳಿಯದೆ ಕೊಲ್ಲುವುದು ಸರಿಯೇ?

ತುಸು ಬಗ್ಗಿ ನೋಡಿದರೆ ಭೇದ ಕಾಣುತ್ತದೆ. ಚೇರಟೆಯ ಮೈಯ ಬಹುತೇಕ ಉಂಗುರಗಳಿಗೆ ಎರಡೆರಡು ಜೊತೆ ಕಾಲು. ಜರಿಗೆ ಒಂದೊಂದೇ ಜೊತೆ. ಚೇರಟೆ ಕೊಳೆತ ಎಲೆ ತಿಂದು ಮಣ್ಣಿಗೆ ಸಾರ ಕೊಡುವ ಸಾಧುಪ್ರಾಣಿ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಜರಿ ಬೇಟೆಗಾರ; ತಲೆಯ ಹಿಂದಿನ ಮೊದಲ ಜೊತೆ ಕಾಲುಗಳೇ ಅದರ ವಿಷದ ಚಿಮುಟ. ಹೂಕುಂಡದಡಿ ಅವಿತಿರುವ, ಏಳು ಜೊತೆ ಕಾಲಿನ ಬೂದುಬಣ್ಣದ ಪುಟ್ಟ ಜೀವಿಯಂತೂ ಏಡಿ-ಸಿಗಡಿಗಳ ನಂಟ.

ಚೇರಟೆಗೆ ಪುಸ್ತಕದ ಹೆಸರು ಸಹಸ್ರಪದಿ. ನಿಜಕ್ಕೂ ಸಾವಿರ ಮೀರಿದ, 1,306 ಕಾಲಿನದೊಂದು ಆಸ್ಟ್ರೇಲಿಯದಲ್ಲಿ ಸಿಕ್ಕ ಸುದ್ದಿ ಹೊರಬಿದ್ದದ್ದು 2021ರಲ್ಲಿ; ಅಲ್ಲಿಯವರೆಗೆ ಅದು ಎಣಿಸದೆ ಇಟ್ಟ ಹೆಸರೇ.

ಮಗುವಿನ ಹಾಸಿಗೆಯ ಬಳಿ ಜರಿ ಬಂದಾಗ ಸುಮ್ಮನಿರುವುದು ಅಹಿಂಸೆಯಲ್ಲ, ಅಲಕ್ಷ್ಯ. ಆದರೆ ಜರಿಯ ವಿಷಕ್ಕಾಗಿ ಚೇರಟೆಯನ್ನು ದಂಡಿಸುವುದು ನ್ಯಾಯವಲ್ಲ. ಪರವೂರಿನಲ್ಲಿ ದಕ್ಷಿಣದವರೆಲ್ಲ 'ಮದ್ರಾಸಿ' ಎನಿಸಿಕೊಂಡಾಗ ನೊಂದವರು ನಾವು. ಕಣ್ಣಿಟ್ಟು ನೋಡುವ ಒಂದು ಗಳಿಗೆಯನ್ನು ಈ ಜೀವಿಗಳಿಗೂ ಕೊಡಬೇಡವೇ? ಚೇರಟೆಯನ್ನು ಕಾಗದದ ಮೇಲೆ ಹತ್ತಿಸಿ ಹೂಕುಂಡಕ್ಕೆ ಬಿಟ್ಟರೆ ಸಾಕು.